ಕಾಕಡ ಇಲ್ಲದ ಶೇವಳ

ಮೊದಲ ಮಳೆ ಬಿದ್ದ ಮೂರನೆಯ ದಿನ, ಭಾನುವಾರ ಬೆಳಿಗ್ಗೆ, ಅವ್ವನೂ ನಾನೂ ಖಾರಘರದಲ್ಲಿ ಠಾಣೆ ಲೋಕಲ್ ಹತ್ತಿದೆವು. ಹೊರಟಿದ್ದು ಕಲ್ಯಾಣದ ಮಾರ್ಕೆಟ್ಟಿಗೆ, ಶೇವಳ ಕೊಳ್ಳಲು. ಶೇವಳವೆಂದರೆ ಮೊದಲ ಮಳೆಗೆ ಕಾಡಿನ ನೆಲ ಸೀಳಿ ಏಳುವ ನೇರಳೆ ಮೊಗ್ಗು. ವರ್ಷಕ್ಕೆ ಎರಡು ಮೂರು ವಾರ ಸಿಕ್ಕರೆ ಹೆಚ್ಚು.

ಇದು ಒಪ್ಪಂದದ ಪ್ರಯಾಣ. ಅವ್ವನ ಹಿಮೋಗ್ಲೋಬಿನ್ ಇಳಿದಿತ್ತು. ಡಾಕ್ಟರು ಬರೆದ ಕಬ್ಬಿಣದ ಗುಳಿಗೆಯನ್ನು ನಾಲ್ಕೇ ದಿನ ನುಂಗಿ ನಿಲ್ಲಿಸಿದ್ದಳು.

"ಹೊಟ್ಟಿ ತೊಳಸತದ. ಅಡವಿ ಪಲ್ಲೆ ತಿಂತೀನಿ, ರಗತ ತಾನ ಬರ್ತದ."

"ಎಷ್ಟು ಮಿಲಿಗ್ರಾಂ ಬರ್ತದ? ಗಿಡದಾಗ ಇದ್ದದ್ದೆಲ್ಲಾ ಮೈಗೆ ಹತ್ತೂದಿಲ್ಲವ್ವಾ."

"ನಿನ್ನ ಡಿಬೇಟ್ ಕಾಲೇಜಿನ್ಯಾಗ ಇಟ್ಕೋ. ಮೊದಲ ಶೇವಳ ಕೊಡಸು, ಆಮ್ಯಾಲ ಗುಳಗಿ."

ಮುಕ್ಕಾಲು ಗಂಟೆಗೆ ಠಾಣೆ. ಗಾಡಿ ಬದಲಿಸುವಾಗ ಸೇತುವೆಯ ಮೆಟ್ಟಿಲಲ್ಲಿ ಅವ್ವ ಎರಡು ಸಲ ನಿಂತಳು, ಇಂಡಿಕೇಟರ್ ನೋಡುವ ನೆಪ ಮಾಡಿ. ಪ್ಲಾಟ್‌ಫಾರ್ಮ್ ಯಾವುದೆಂದು ನಾನಾಗಲೇ ಹೇಳಿದ್ದೆ. ಅವಳ ಏದುಸಿರು ಇಳಿಯುವವರೆಗೂ ಕೈಚೀಲ ಹಿಡಿದುಕೊಂಡು ನಿಂತೆ.

ಡೊಂಬಿವಲಿ ಬಂದಾಗ ಕಿಟಕಿಗೆ ಹಣೆ ಹಚ್ಚಿದಳು. ಹಳಿಯ ಪಕ್ಕ ನಾವು ಮೊದಲಿದ್ದ ಚಾಳು, ಆ ಹಳೆಯ ವಠಾರ, ಇದ್ದಲ್ಲಿ ಈಗ ನೀಲಿ ಗಾಜಿನ ಟವರ್. ಆ ಚಾಳಿನ ಗ್ಯಾಲರಿಯಲ್ಲಿ ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ನಮ್ಮೆಲ್ಲರ ಕಾಕು, ಅಂಗೈಗೆ ಎಣ್ಣೆ ಸವರಿಕೊಂಡು, ಅವ್ವನಿಗೆ ಶೇವಳ ಬಿಡಿಸುವುದನ್ನು ಕಲಿಸಿದ್ದರು. ವಿಜಯಪುರದಿಂದ ಬಂದ ಹೊಸ ಮದುವಣಗಿತ್ತಿಗೆ ಮರಾಠಿಯೂ ಹಾಗೆಯೇ ಬಂತು. ಅಲ್ಲೇ ಹೊಸ್ತಿಲ ಮೇಲೆ ಕೂತು ನಾನು ಶಾಲೆಯ ಚರ್ಚಾಸ್ಪರ್ಧೆಗೆ ಭಾಷಣ ಬಾಯಿಪಾಠ ಮಾಡುತ್ತಿದ್ದೆ; ಒಳಗಿನಿಂದ ಒಗ್ಗರಣೆಯ ಹೊಗೆ ಬಂದು ಮಾತು ಮರೆಸುತ್ತಿತ್ತು. ಕಾಕು ತೀರಿಹೋಗಿ ಆರು ವರ್ಷವಾಯಿತು. ಆಮೇಲೆ ನಮ್ಮ ಮನೆಗೆ ಶೇವಳ ಬಂದಿರಲಿಲ್ಲ.

ಕಲ್ಯಾಣದಲ್ಲಿ ಜಿಟಿಜಿಟಿ ಮಳೆ. ಮಾರ್ಕೆಟ್ಟಿನ ಮೂಲೆಯಲ್ಲಿ ಮುರಬಾಡ ಕಡೆಯ ಅಜ್ಜಿಯೊಬ್ಬಳು ಎಲೆ ಹಾಸಿ ಕೂತಿದ್ದಳು. ಶೇವಳದ ಕಂತೆ ಮೂವತ್ತು ರೂಪಾಯಿ. ಜೊತೆಗೆ, ಕೇಳದಿದ್ದರೂ, ಹಸಿರು ನೆಲ್ಲಿಯಂಥ ಹುಳಿಕಾಯಿಗಳ ಒಂದು ಗುಡ್ಡೆ ಇಟ್ಟಳು: ಕಾಕಡ. ಅದಕ್ಕೆ ಇನ್ನೂ ಹತ್ತು.

"ಕಾಕಡ್ ನಕೋ, ಮಾವಶಿ," ಬೇಡವೆಂದೆ ನಾನು.

"ಮಗ್ ಶೇವಳಹಿ ನಾಯ್." ಕಾಯಿ ಬೇಡವಾದರೆ ಮೊಗ್ಗೂ ಇಲ್ಲ!

ಬೇಕಾದ್ದರ ಜೊತೆ ಬೇಡವಾದ್ದನ್ನು ಕಟ್ಟಿ ಮಾರುವುದು ಅನ್ಯಾಯವೆಂದು ಮರಾಠಿಯಲ್ಲೇ ವಾದ ಹೂಡಿದೆ. ಕಾಯಿ ಇಲ್ಲದೆ ಆಗದೆನ್ನಲು ಪುರಾವೆ ಕೇಳಿದೆ. ಅಜ್ಜಿ ಮೊಗ್ಗಿನ ಉಗುರಷ್ಟು ಚೂರು ಮುರಿದು ಕೈಗಿಟ್ಟಳು. "ಖಾ. ಮಗ್ ಬೋಲ್." ತಿಂದು ಆಮೇಲೆ ಮಾತಾಡು!

ಜಗಿದೆ. ನಾಲಿಗೆ, ಗಂಟಲಿಗೆ ಸಾವಿರ ಸೂಜಿ. ಶೇವಳದಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಎಷ್ಟೆಂದು ನಾನು ಪೋಷಕಾಂಶಗಳ ಕೋಷ್ಟಕದಲ್ಲಿ ಓದಿದ್ದೆ. ಅದೇ ಸುಣ್ಣ ಹರಳಾಗಿ ಚುಚ್ಚುತ್ತದೆಂದು ಕೋಷ್ಟಕ ಹೇಳಿರಲಿಲ್ಲ. ಅಜ್ಜಿ ಕಾಕಡ ಹಿಸುಕಿ ನನ್ನ ಬಾಯಿಗೆ ಹಾಕಿದಳು; ಉರಿ ತಗ್ಗಿತು. ಅವ್ವ ಕಂಬ ಹಿಡಿದು ನಕ್ಕಳು, ಎಷ್ಟೋ ವಾರಗಳ ಮೇಲೆ.

"ಕಾಕೂನೂ ಹಿಂಗ ಅಂತಿದ್ರು. ಹುಳಿ ಇಲ್ಲದ ಶೇವಳ, ಬೈಗಳದ ಗತೆ."

ನಲವತ್ತು ಕೊಟ್ಟು ಎರಡನ್ನೂ ಕೊಂಡು ಮರಳಿದೆವು. ಖಾರಘರದವರೆಗೂ ಅವ್ವನೇ ಮಾತಾಡಿದಳು, ಬರೀ ಚಾಳಿನ ಕಥೆ.

ಮನೆಗೆ ಬಂದವಳೇ ಚಾ ಮಾಡಿಕೊಂಡು, ಖಾಲಿ ಹೊಟ್ಟೆಯಲ್ಲೇ ಗುಳಿಗೆ ಬಿಚ್ಚಿದಳು. "ಮಾತು ಕೊಟ್ಟೀನಿ. ನುಂಗ್ತೀನಿ."

ಚಾದ ಕಪ್ ಕಸಿದುಕೊಂಡೆ. "ಚಾದ ಜೋಡಿ ಅಲ್ಲವ್ವಾ! ಉಂಡ ಮ್ಯಾಲ, ನಿಂಬಿ ನೀರಿನ ಜೋಡಿ. ಡಾಕ್ಟ್ರು ಚೀಟಿಯೊಳಗ ಬರ್ದಾರ."

"ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ದೆ. ಏಳನೇ ಪಾಯಿಂಟು. ನೀ ಮೂರನೇದಕ್ಕ ಎದ್ದು ಹೋಗಿದ್ದಿ."

"ಈ ನಿಂಬಿ ಗುಳಗಿಯ ಕಾಕಡ ಅಂದಿದ್ರ ತಿಳೀತಿತ್ತಲ್ಲ, ಹುಚ್ಚಿ."

ಶೇವಳ ಉಂಡೆವು, ಕಾಕು ಮಾಡಿದಷ್ಟು ಚೆನ್ನಾಗಿರಲಿಲ್ಲವೆಂದು ಇಬ್ಬರೂ ಒಪ್ಪಿದೆವು. ಆಮೇಲೆ ನಿಂಬೆ ಹಿಂಡಿ ಕೊಟ್ಟೆ.

ಮರುದಿನ ನಾನು ಏಳುವ ಹೊತ್ತಿಗೆ ಅವ್ವನ ತಟ್ಟೆ ತೊಳೆದಾಗಿತ್ತು. ಚಾ ಇನ್ನೂ ಒಲೆ ಏರಿರಲಿಲ್ಲ. ಕಟ್ಟೆಯ ಮೇಲೆ, ಗುಳಿಗೆಯ ಪೊಟ್ಟಣದ ಪಕ್ಕ, ಹಿಂಡಿದ ನಿಂಬೆಹೋಳೊಂದು ಬಿದ್ದಿತ್ತು.