ಎನಿಡ್ ಕೇಳದ ಅಪ್ಪಣೆ

ಎನಿಡ್ ಪ್ರಾಸರ್ ನನ್ನ ಪಕ್ಕದ ಮನೆಯವಳು. ನಮ್ಮಿಬ್ಬರ ತೋಟಗಳ ನಡುವೆ ಇರುವ ಪೊದೆಬೇಲಿಯನ್ನು ಎಷ್ಟು ಎತ್ತರ ಕತ್ತರಿಸಬೇಕು ಎಂಬುದಕ್ಕೇ ಒಂದು ಬೇಸಿಗೆ ಪೂರ್ತಿ ಮಾತು ಬಿಟ್ಟವರು ನಾವು. ಆದ್ದರಿಂದ ಗೆಳತಿ ಎಂದು ಹೊಗಳುತ್ತಿದ್ದೇನೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಅವಳು ಹಟಮಾರಿ. ಎಪ್ಪತ್ತು ದಾಟಿದೆ, ಮೂಳೆ ಗಟ್ಟಿಯಾಗಿದೆ, ನಾಲಿಗೆ ಅದಕ್ಕಿಂತ ಗಟ್ಟಿ. ವರ್ಷವಿಡೀ ತೀರಿಹೋದ ಗಂಡನ ಕೋಟು ಹಾಕಿಕೊಳ್ಳುತ್ತಾಳೆ. ಒಂದು ಜೇಬಿನಲ್ಲಿ ದುರ್ಬೀನು, ಇನ್ನೊಂದರಲ್ಲಿ ನಾಯಿಗೆಂದು ಚೀಸಿನ ಚೂರು. ಆ ಚೀಸನ್ನು ಅರ್ಧ ತಾನೇ ತಿನ್ನುತ್ತಾಳೆ.

ನಾಯಿಯ ಹೆಸರು ಟ್ವಿಗ್. ಮೋಟುಗಾಲಿನ, ಒರಟು ಕೂದಲಿನ ಹೆಣ್ಣು ಟೆರಿಯರ್. ಬೆಳಗ್ಗೆ ಟೀ ಕುಡಿದ ಕಪ್ಪನ್ನು ತೊಳೆಯದೆ ಇಟ್ಟು ಇಬ್ಬರೂ ಹೊರಟುಬಿಡುತ್ತಿದ್ದರು. ಚರ್ಚಿನ ಹಿಂದೆ ಒಂದು ಮರದ ಗೇಟು ಇದೆ. ಅಲ್ಲಿಂದ ಕಾಲುದಾರಿ ಗಾರ್ತ್ ಕಾಡನ್ನು ಹೊಕ್ಕು, ಓಕ್ ಮರಗಳ ನಡುವೆ ಇಳಿದು, ಹಳ್ಳ ದಾಟಿ, ಹಳೇ ಗಿರಣಿಯ ಹತ್ತಿರ ರಸ್ತೆಗೆ ಸೇರುತ್ತದೆ. ನಮ್ಮೂರಿನ ಎಲ್ಲ ನಾಯಿಗಳೂ, ನಾಯಿಗಳ ಹಿಂದೆ ಎಲ್ಲ ಜನರೂ ನಡೆಯುವುದು ಅಲ್ಲೇ.

ನಾನೂ ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ಎನಿಡ್ ಕಾಡನ್ನು ನೋಡುವುದಕ್ಕಿಂತ ಹೆಚ್ಚಾಗಿ ನಾಯಿಯನ್ನು ನೋಡುತ್ತಾಳೆ. ಟ್ವಿಗ್ ಬೊಗಳಿದರೆ ಅಳಿಲು. ಆ ಕಡೆ ಎನಿಡ್ ತಿರುಗುವುದೂ ಇಲ್ಲ. ಮುಂಗಾಲು ಎತ್ತಿ ಉಸಿರು ಬಿಗಿಹಿಡಿದು ನಿಂತರೆ ಜಿಂಕೆ. ನೆಲ ಮೂಸಿ ಸೀನಿದರೆ ರಾತ್ರಿ ಬಿಲ ತೋಡುವ ಬ್ಯಾಡ್ಜರ್ ಆ ದಾರಿಯಲ್ಲಿ ಹೋಗಿದೆ ಎಂದು ಅರ್ಥ. ತಲೆ ಓರೆ ಮಾಡಿ ಮೇಲೆ ನೋಡಿದರೆ ಮರದ ಮೇಲೆ ಏನೋ ಇದೆ; ಆಗ ದುರ್ಬೀನು ಹೊರಗೆ ಬರುತ್ತದೆ. ಹಕ್ಕಿಗಳಿಗೆಲ್ಲ ಅವಳದೇ ಬೈಗುಳ ಉಂಟು. ಜೇ ಹಕ್ಕಿ ಊರಿನ ಚಾಡಿಕೋರ, ಮರಕುಟಿಗ ಮುಂಜಾನೆಯೇ ಸುತ್ತಿಗೆ ಹಿಡಿಯುವ ಪಕ್ಕದಮನೆಯ ಪೀಡೆ. ಏಪ್ರಿಲ್ ಕೊನೆಗೆ ಆಫ್ರಿಕಾದಿಂದ ಬಂದು ಓಕ್ ಮರದ ಪೊಟರೆಯಲ್ಲಿ ಸಂಸಾರ ಹೂಡುವ ಕಪ್ಪುಬಿಳುಪಿನ ಪುಟ್ಟ ನೊಣಹಿಡುಕನನ್ನು ಮಾತ್ರ ಬೈಯುತ್ತಿರಲಿಲ್ಲ. ಮೊದಲ ದಿನ ಅದನ್ನು ಕಂಡಾಗ ಟೋಪಿ ತೆಗೆದು, "ಬಂದ್ಯಾ? ಒಳ್ಳೇದಾಯ್ತು" ಅನ್ನುವಳು.

ಕಾಡು ಒಬ್ಬ ಕರ್ನಲ್‌ರದಾಗಿತ್ತು. ಅವರು ಯಾರಿಗೂ ನಡೆಯಿರಿ ಎಂದವರಲ್ಲ, ನಡೆಯಬೇಡಿ ಎಂದವರೂ ಅಲ್ಲ. ಎದುರಾದರೆ ಟೋಪಿ ಮುಟ್ಟಿ, ಮೋಡದ ಬಗ್ಗೆ ಒಂದು ಮಾತಾಡಿ ಮುಂದೆ ಹೋಗುವರು. ಅವರು ತೀರಿಕೊಂಡ ಮೇಲೆ ಕಾಡು ಕ್ರಿಸ್ಪಿನ್ ಹಾಲ್ಡನ್ ಎಂಬುವರ ಕೈಗೆ ಬಂತು. ಅವರಿಗೆ ಅಲ್ಲಿ ಫೆಸೆಂಟ್ ಹಕ್ಕಿ ಸಾಕಿ, ಚಳಿಗಾಲದಲ್ಲಿ ಅವನ್ನು ಬೇಟೆಯಾಡಲು ಬಂದೂಕಿನ ಅತಿಥಿಗಳನ್ನು ಕರೆಸಬೇಕಾಗಿತ್ತು. ಒಂದು ಮಾರ್ಚ್ ಬೆಳಗ್ಗೆ ನೋಡುತ್ತೇವೆ, ಗೇಟಿಗೆ ಸರಪಳಿ, ಸರಪಳಿಗೆ ಬೀಗ, ಪಕ್ಕದಲ್ಲಿ 'ಖಾಸಗಿ' ಎಂಬ ಹಲಗೆ.

ನಮ್ಮಲ್ಲಿ ದಾರಿಯ ಕಾನೂನು ವಿಚಿತ್ರವಾಗಿದೆ. ಊರಿನ ಜನ ಇಪ್ಪತ್ತು ವರ್ಷ ಒಂದು ದಾರಿಯಲ್ಲಿ ಕದ್ದುಮುಚ್ಚದೆ, ಬೀಗ ಮುರಿಯದೆ, ಯಾರ ಅಪ್ಪಣೆಯೂ ಇಲ್ಲದೆ ನಡೆದಿದ್ದರೆ ಆ ದಾರಿ ಊರಿನದು. ಅಪ್ಪಣೆ ಪಡೆದು ನಡೆದಿದ್ದರೆ ಅಲ್ಲ. ಮರ್ಯಾದೆಯಿಂದ ಕೇಳಿದವನಿಗೆ ಹಕ್ಕಿಲ್ಲ, ತನ್ನ ಪಾಡಿಗೆ ತಾನು ನಡೆದುಬಿಟ್ಟವನಿಗೆ ಹಕ್ಕಿದೆ. ಎನಿಡ್‌ಳನ್ನು ಎದುರಿಗೆ ಕೂರಿಸಿಕೊಂಡೇ ಯಾರೋ ಬರೆದ ಕಾನೂನು ಅದು.

ಊರಿನವರೆಲ್ಲ ಸೇರಿ ದಾರಿ ನಮ್ಮದೆಂದು ಅರ್ಜಿ ಹಾಕಿದೆವು. ತೀರ್ಮಾನವಾಗಲು ಕಾಲ ಹಿಡಿಯುತ್ತದೆ, ಅಲ್ಲಿಯವರೆಗೆ ಗೇಟು ಮುರಿಯಬೇಡಿ, ಹತ್ತಿ ಹಾರಲೂ ಬೇಡಿ ಎಂದು ನಮ್ಮ ಪರ ನಿಂತ ವಕೀಲೆ ಹೇಳಿದಳು. ನಮ್ಮ ಪೈಕಿ ಎಲ್ಲರಿಗಿಂತ ಹಳೆಯ ಸಾಕ್ಷಿ ಎನಿಡ್. ಮದುವೆಯಾಗಿ ಬಂದ ವಾರದಿಂದ ಅಲ್ಲಿ ನಡೆದವಳು.

ಕಾನೂನು ಬೇಡ ಎಂದದ್ದನ್ನು ಅವಳು ಮಾಡಲಿಲ್ಲ. ಬೇಡ ಎನ್ನದೆ ಬಿಟ್ಟದ್ದನ್ನೆಲ್ಲ ಮಾಡಿದಳು. ದಿನಾ ಬೆಳಗ್ಗೆ ಟ್ವಿಗ್ ಜೊತೆ ಹೋಗಿ ಬೀಗ ಬಿದ್ದ ಗೇಟಿನ ಮುಂದೆ ನಿಲ್ಲುವಳು. ಮಳೆ ಬರಲಿ, ಹಿಮ ಬೀಳಲಿ, ಅಲ್ಲೇ ನಿಂತು ಕಿವಿಗೊಟ್ಟು ಕಾಡಿನೊಳಗೆ ಯಾರು ಯಾರು ಇದ್ದಾರೆಂದು ಗಟ್ಟಿಯಾಗಿ ಹೇಳುವಳು. "ಅದು ರಾಬಿನ್. ಅದು ಮರಕುಟಿಗ, ದರಿದ್ರದ್ದು. ಆ ಹಳ್ಳದ ಹತ್ರ ಕೂಗ್ತಿರೋದು ನೊಣಹಿಡುಕ. ನೋಡೇ ಟ್ವಿಗ್, ಅಷ್ಟು ದೂರದಿಂದ ಬಂದಿದೆ, ಯಾವ ಹಲಗೆನೂ ಓದ್ದೆ ಒಳಗೆ ಹೋಗಿದೆ." ಫೆಸೆಂಟ್ ಕಾಯುವವನು ಬಂದು ಗದರಿದರೆ, "ನಿಂತಿರೋದು ಚರ್ಚಿನ ನೆಲದ ಮೇಲೆ ಕಣಯ್ಯಾ. ಬೇಕಾದ್ರೆ ದೇವ್ರ ಹತ್ರ ದೂರು ಕೊಡು" ಅನ್ನುವಳು.

ಹಾಲ್ಡನ್ ಕೆಟ್ಟ ಮನುಷ್ಯರಲ್ಲ ಎಂದು ಹೇಳುವವರಿದ್ದಾರೆ. ಕೆಟ್ಟವರಾಗಿದ್ದರೆ ನಮಗೆ ಸುಲಭವಾಗುತ್ತಿತ್ತು. ಅವರು ತುಂಬಾ ನಯವಿನಯದ ಮನುಷ್ಯ. ಒಂದು ಮಧ್ಯಾಹ್ನ ಎನಿಡ್‌ಳ ಬಾಗಿಲು ತಟ್ಟಿದರು. ನಾನು ಬೇಲಿಯ ಈಚೆ ಗುಲಾಬಿ ಕತ್ತರಿಸುತ್ತಿದ್ದೆ. ಕೇಳಿಸಿಕೊಳ್ಳದೆ ಇರಲು ನಾನೇನು ಸಂತಳೆ? ಅವರ ಕೈಯಲ್ಲಿ ಹಸಿರು ರಿಬ್ಬನ್ ಕಟ್ಟಿದ ಬೀಗದ ಕೈ ಇತ್ತು.

"ಮಿಸೆಸ್ ಪ್ರಾಸರ್, ನಿಮ್ಮನ್ನ ತಡೀಬೇಕು ಅಂತ ನನಗೆ ಯಾವತ್ತೂ ಇರ್ಲಿಲ್ಲ," ಅಂದರು. "ಊರೆಲ್ಲ ನುಗ್ಗಿದ್ರೆ ನನ್ನ ಹಕ್ಕಿಗಳು ಬೆದರ್ತವೆ, ಅದಕ್ಕೆ ಬೀಗ. ನೀವು, ನಿಮ್ಮ ನಾಯಿ ಬೇರೆ ವಿಷಯ. ಇದು ನಿಮಗೆ. ಇರೋವರೆಗೂ ಇಟ್ಕೊಳ್ಳಿ."

"ಯಾರು ಇರೋವರೆಗೆ? ನಾನಾ, ನಾಯಿನಾ?"

ಅವರು ನಕ್ಕರು. "ನೀವು, ಖಂಡಿತ."

"ಮತ್ತೆ ಡಿಲಿಸ್?"

ಡಿಲಿಸ್ ಬೆವನ್ ಎನಿಡ್‌ಳ ಹಳೆಯ ಸ್ನೇಹಿತೆ. ಚರ್ಚಿಗೆ ಹೂ ಜೋಡಿಸುವವಳು, ನಮ್ಮೂರಿನ ಅತಿ ಸೌಮ್ಯ ಜೀವ, ಎರಡು ದಪ್ಪ ಲ್ಯಾಬ್ರಡಾರ್‌ಗಳ ಒಡತಿ.

"ಒಬ್ಬರಿಗೆ ಅಂತ ಕೊಟ್ರೆ ಎಲ್ರಿಗೂ ಕೊಡ್ಬೇಕಾಗುತ್ತೆ, ಅದು ನಿಮಗೇ ಗೊತ್ತಲ್ಲ."

"ಗೊತ್ತು," ಅಂದಳು ಎನಿಡ್. "ಅದಕ್ಕೇ ಬೇಡ. ನಮಸ್ಕಾರ."

ಬಾಗಿಲು ಮುಚ್ಚಿತು. ಅವರು ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋದರು. ಎನಿಡ್ ಅದನ್ನು ಮುಟ್ಟಲೂ ಇಲ್ಲ. ಕೊನೆಗೆ ಹಾಲ್ಡನ್‌ರ ಕೆಲಸದವನು ಬಂದು, ತುಕ್ಕು ಹಿಡಿದದ್ದನ್ನು ವಾಪಸು ತೆಗೆದುಕೊಂಡು ಹೋದ.

ಆ ಮಧ್ಯೆ ಎರಡು ವಸಂತ ಕಳೆದವು. ಟ್ವಿಗ್‌ಳ ಹಿಂಗಾಲು ಸೋತವು. ಗೇಟಿನವರೆಗೆ ಹೋಗಿ ಬರುವುದಕ್ಕೇ ಸುಸ್ತಾಗುತ್ತಿದ್ದಳು. ಗೇಟಿನ ಸಂದಿಯಲ್ಲಿ ಮೂಗು ತೂರಿಸಿ ಕಾಡನ್ನು ಮೂಸುತ್ತ ನಿಂತಿರುವುದನ್ನು ನೋಡಿ ನನಗೆ ಎನಿಡ್ ಮೇಲೆ ಕೆಟ್ಟ ಕೋಪ ಬಂತು.

"ಆ ಕೀ ತಗೊಂಡಿದ್ರೆ ಏನಾಗ್ತಿತ್ತೇ?" ಅಂದೆ. "ದಾರಿ ಊರಿಗೆ ಬರುತ್ತೋ ಇಲ್ವೋ ಯಾರಿಗೆ ಗೊತ್ತು. ಈ ಪಾಪದ ಪ್ರಾಣಿಗೆ ಇನ್ನೆಷ್ಟು ದಿನ ಇದೆ? ನಿನ್ನ ಹಟಕ್ಕೆ ಇದು ಯಾಕೆ ಸಾಯ್ಬೇಕು?"

ಅವಳು ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿತ್ತು. ನಲವತ್ತು ವರ್ಷದಲ್ಲಿ ಅವಳ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಗಂಡನ ಮಣ್ಣಿನಲ್ಲೂ ನಾನು ಕಂಡಿರಲಿಲ್ಲ.

"ನಂಗೆ ಆಸೆ ಇಲ್ಲ ಅನ್ಕೊಂಡ್ಯಾ?" ಅಂದಳು. "ದಿನಾ ಕಿಟಕಿ ಹತ್ರ ಹೋಗಿ ಆ ಕೀ ನೋಡ್ತಿದ್ದೆ. ಕೈಗೆ ತಗೊಂಡಿದ್ರೆ ನಾನು ಇಷ್ಟು ವರ್ಷ ನಡೆದಿದ್ದೂ ಯಾರೋ ಬಿಟ್ಟಿದ್ದಕ್ಕೆ ನಡೆದ ಹಾಗಾಗ್ತಿತ್ತು. ಇವಳನ್ನ ಕರ್ಕೊಂಡು ಒಳಗೆ ಹೋಗ್ತಿದ್ದೆ, ಹೊರಗೆ ಡಿಲಿಸ್ ನಿಂತ್ಕೊಂಡು ನೋಡ್ತಿದ್ಲು. ಅದೆಂಥ ನಡಿಗೆ?"

ಆದರೂ ಅವಳು ಸರಿ ಎಂದು ಆ ದಿನ ನನಗೆ ಅನ್ನಿಸಲಿಲ್ಲ.

ವಿಚಾರಣೆ ನಡೆದದ್ದು ನಮ್ಮೂರ ಸಮುದಾಯ ಭವನದಲ್ಲಿ. ಸರ್ಕಾರದಿಂದ ಬಂದ ಅಧಿಕಾರಿ ವೇದಿಕೆಯ ಮೇಲೆ ಮೇಜು ಹಾಕಿಕೊಂಡು ಕೂತರು. ಹಾಲ್ಡನ್‌ರ ವಕೀಲ ನೀಟಾಗಿ ತಲೆ ಬಾಚಿದ ಯುವಕ. ಮೊದಲು ಸಾಕ್ಷಿ ಹೇಳಿದವರೆಲ್ಲ ಚೆನ್ನಾಗಿಯೇ ಹೇಳಿದರು. ಆಮೇಲೆ ಡಿಲಿಸ್‌ಳ ಸರದಿ ಬಂತು.

"ಮಿಸ್ ಬೆವನ್, ಕರ್ನಲ್ ಅವರ ಪರಿಚಯ ಇತ್ತಾ ನಿಮಗೆ?" ವಕೀಲ ಬೆಣ್ಣೆಯಂತೆ ಕೇಳಿದ.

"ಅಯ್ಯೋ, ತುಂಬಾ ಒಳ್ಳೆಯವ್ರು. ಪ್ರತಿ ಕ್ರಿಸ್‌ಮಸ್‌ಗೂ ಅವ್ರಿಗೆ ಒಂದು ಸೀಸೆ ಕಿತ್ತಳೆ ಮಾರ್ಮಲೇಡ್ ಕೊಡ್ತಿದ್ದೆ. ನನ್ನ ಕೈಯಾರೆ ಮಾಡಿದ್ದು."

"ಎಷ್ಟು ಚೆನ್ನಾಗಿದೆ. ಯಾತಕ್ಕೆ ಕೊಡ್ತಿದ್ರಿ?"

"ಥ್ಯಾಂಕ್ಸ್ ಹೇಳೋಕೆ. ನಮ್ಮನ್ನೆಲ್ಲ ಕಾಡಲ್ಲಿ ಓಡಾಡೋಕೆ ಬಿಟ್ಟಿದ್ರಲ್ಲ, ಅದಕ್ಕೆ."

ನಮ್ಮ ವಕೀಲೆ ಕಣ್ಣು ಮುಚ್ಚಿಕೊಂಡಳು. ಬಿಟ್ಟಿದ್ದರು ಎಂದರೆ ಅಪ್ಪಣೆ ಕೊಟ್ಟಿದ್ದರು ಎಂದಾಯಿತು. ಅಪ್ಪಣೆ ಇತ್ತು ಎಂದರೆ ದಾರಿ ಹೋಯಿತು. ಇಷ್ಟು ದಿನ ಕಾದದ್ದು, ಟ್ವಿಗ್ ಗೇಟಿನ ಸಂದಿಯಲ್ಲಿ ಮೂಸಿದ್ದು, ಎಲ್ಲ ಒಂದು ಸೀಸೆ ಮಾರ್ಮಲೇಡಿನಲ್ಲಿ ಮುಳುಗಿಹೋಯಿತು. ಡಿಲಿಸ್‌ಗೆ ತಾನೇನು ಹೇಳಿದೆ ಎಂಬುದು ಜನರ ಮುಖ ನೋಡಿದ ಮೇಲೆ ತಿಳಿಯಿತು. ಕುರ್ಚಿಗೆ ವಾಪಸು ಬಂದು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು.

ಕೊನೆಯವಳು ಎನಿಡ್. ಕೋಟು ತೆಗೆಯದೆಯೇ ಹೋಗಿ ಕೂತಳು.

"ನಿಮ್ಮ ಸ್ನೇಹಿತೆ ಪ್ರತಿ ವರ್ಷ ಥ್ಯಾಂಕ್ಸ್ ಹೇಳಿದಾರೆ," ಅಂದ ವಕೀಲ. "ಅಪ್ಪಣೆ ಸಿಕ್ಕಿರದೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ, ಮಿಸೆಸ್ ಪ್ರಾಸರ್?"

"ನೀವು ಈ ದೇಶದವ್ರೇ ತಾನೇ?" ಅಂದಳು ಎನಿಡ್.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಇಪ್ಪತ್ತಾರು ವರ್ಷ ಈ ಊರಿನ ಬಸ್ ಓಡಿಸಿದೀನಿ. ಡಿಲಿಸ್ ಶುಕ್ರವಾರ ಶುಕ್ರವಾರ ಹೆರೆಫರ್ಡ್ ಪೇಟೆಗೆ ಬರೋಳು. ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋಳು, ಇಳಿಯುವಾಗ ನಂಗೆ ಥ್ಯಾಂಕ್ಸ್ ಅನ್ನೋಳು. ಅವಳೊಬ್ಳೇ ಅಲ್ಲ, ಬಸ್ಸಿಗೆ ಬಸ್ಸೇ ಅನ್ನೋದು. ನಾನೇನು ಅವ್ರನ್ನೆಲ್ಲ ಧರ್ಮಕ್ಕೆ ಕೂರಿಸ್ಕೊಂಡು ಹೋಗಿದ್ನಾ?"

"ಅದು ಬೇರೆ—"

"ಇವಳು ಕುರ್ಚಿ ಎಡವಿದ್ರೆ ಕುರ್ಚಿಗೆ ಸಾರಿ ಅಂತಾಳೆ. ಬೆಳಗ್ಗೆ ಬಾಗಿಲ ಹತ್ರ ನೀವು ಅವಳ ಕಾಲು ತುಳಿದ್ರಿ, ಆಗ ಸಾರಿ ಅಂದಿದ್ದು ಯಾರು? ನೀವಾ? ಅವಳು! ಅವಳ ಬಾಯಿಂದ ಬಂದಿದ್ದನ್ನೆಲ್ಲ ಕಾನೂನು ಅಂತ ಹಿಡಿದ್ರೆ, ನಿಮ್ಮ ಬೂಟು ಅವಳ ಕಾಲಿಗೆ ಸಿಕ್ಕಿದ್ದು ಅವಳದೇ ತಪ್ಪು. ಕರ್ನಲ್ ಯಾವತ್ತೂ ಹೋಗಿ ಅಂದೋರಲ್ಲ. ನಾವು ಯಾವತ್ತೂ ಹೋಗ್ಲಾ ಅಂತ ಕೇಳಿದೋರಲ್ಲ. ಮಾರ್ಮಲೇಡ್ ಕೊಟ್ಟಿದ್ದು ಡಿಲಿಸ್ ಡಿಲಿಸ್ ಆಗಿರೋದ್ರಿಂದ. ನನ್ನನ್ನ ಕೇಳಿದ್ರೆ, ಅವ್ರೇ ನಮಗೆ ಕೊಡ್ಬೇಕಿತ್ತು, ದಾರಿಗೆ ಬಿದ್ದ ಕೊಂಬೆ ಎಲ್ಲ ಎತ್ತಿ ಹಾಕ್ತಿದ್ದೋರು ನಾವು."

ಭವನವೆಲ್ಲ ನಕ್ಕಿತು. ಅಧಿಕಾರಿ ನಗಲಿಲ್ಲ, ಆದರೆ ಬಗ್ಗಿ ಏನೋ ಬರೆದುಕೊಳ್ಳುವ ನೆಪದಲ್ಲಿ ಬಹಳ ಹೊತ್ತು ತಲೆ ಎತ್ತಲಿಲ್ಲ. ವಕೀಲನ ಕಿವಿ ಕೆಂಪಾಗಿತ್ತು.

"ಹಾಲ್ಡನ್ ಅವರು ನಿಮಗೇ ಅಂತ ಒಂದು ಕೀ ತಂದು ಕೊಟ್ರು. ಅಷ್ಟು ಪ್ರೀತಿ ಇರೋ ಕಾಡಾದ್ರೆ ಯಾಕೆ ತಗೊಳ್ಳಲಿಲ್ಲ?"

"ನಂದನ್ನ ನಂಗೇ ದಾನ ಕೊಡೋಕೆ ಬಂದ್ರೆ ತಗೋಬೇಕಾ?"

"ನಂದು ಅಂದ್ರೆ?"

"ನಂದು, ಡಿಲಿಸ್‌ದು, ನಿಮ್ದು ಕೂಡ. ನಿಮಗೊಂದು ನಾಯಿ ಇದ್ದು, ಬೆಳಗ್ಗೆ ಬೇಗ ಏಳೋ ಬುದ್ಧಿ ಇದ್ರೆ."

ತೀರ್ಪು ಬರುವಷ್ಟರಲ್ಲಿ ಚಳಿಗಾಲ ಮುಗಿದಿತ್ತು. ದಾರಿ ಊರಿನದು ಎಂದು ಬಂತು. ನಾನು ಸಂತೋಷಕ್ಕೆ ಬೇಲಿ ಹಾರಿ ಹೋಗಿ ಎನಿಡ್‌ಳನ್ನು ತಬ್ಬಿಕೊಂಡೆ. ಹಾರುವಷ್ಟು ಗಿಡ್ಡವಾಗಿ ಬೇಲಿ ಕತ್ತರಿಸಿದ್ದು ನಾನೇ ಎಂದು ಅವಳು ಆಗಲೂ ಚುಚ್ಚಿದಳು.

ಸರಪಳಿ ತೆಗೆಯುವ ಬೆಳಗ್ಗೆ ಊರೇ ಚರ್ಚಿನ ಹಿಂದೆ ಸೇರಿತ್ತು, ನಾಯಿಗಳ ಸಮೇತ. ಟ್ವಿಗ್‌ಗೆ ಈಗ ನಡೆಯಲಾಗುತ್ತಿರಲಿಲ್ಲ. ಎನಿಡ್ ತೋಟದ ಒಂಟಿಗಾಲಿಯ ಕೈಗಾಡಿಯಲ್ಲಿ ಹಳೆಯ ಕಂಬಳಿ ಹಾಸಿ ಅವಳನ್ನು ಕೂರಿಸಿಕೊಂಡು ಬಂದಿದ್ದಳು. ಮುದಿ ನಾಯಿ ಮಹಾರಾಣಿಯಂತೆ ಕೂತು ಎಲ್ಲ ನಾಯಿಗಳ ಮೇಲೂ ಗುರುಗುಟ್ಟುತ್ತಿತ್ತು.

ಹಾಲ್ಡನ್ ಕೂಡ ಬಂದಿದ್ದರು. ಸೋತವರು ಬಂದು ನಿಲ್ಲುವುದು ಸುಲಭವಲ್ಲ, ಅದನ್ನು ನಾನು ಒಪ್ಪುತ್ತೇನೆ. ತಮ್ಮ ಕೈಯಿಂದಲೇ ಸರಪಳಿ ತೆಗೆದು, ಗೇಟನ್ನು ಅಗಲವಾಗಿ ತೆರೆದು ಹಿಡಿದುಕೊಂಡು, ತಲೆ ಬಾಗಿಸಿ, "ಬನ್ನಿ ಮಿಸೆಸ್ ಪ್ರಾಸರ್, ದಯವಿಟ್ಟು ಬನ್ನಿ" ಅಂದರು.

ನಮ್ಮಲ್ಲಿ ಯಾರಾದರೂ ಬಾಗಿಲು ಹಿಡಿದು ನಿಂತರೆ ಎಂಥ ಹಗೆಯಾದರೂ ಥ್ಯಾಂಕ್ಸ್ ಹೇಳಿಯೇ ದಾಟುತ್ತಾನೆ. ಎನಿಡ್ ಕೈಗಾಡಿಯನ್ನು ಕೆಳಗಿಳಿಸಿದಳು.

"ಗೇಟು ಬಿಡಿ, ಮಿಸ್ಟರ್ ಹಾಲ್ಡನ್."

"ಏನಂದ್ರಿ?"

"ಬಿಡಿ ಅಂದೆ. ಮುಚ್ಕೊಳ್ಳಲಿ."

ಅವರು ಸುತ್ತಲೂ ನೋಡಿದರು. ಕೈ ಬಿಟ್ಟರು, ಗೇಟು ಕಿರ್ರೆಂದು ಬಂದು ಚಿಲಕಕ್ಕೆ ಬಡಿಯಿತು. ಅವರು ನಾಲ್ಕು ಹೆಜ್ಜೆ ಹಿಂದೆ ಸರಿಯುವವರೆಗೆ ಎನಿಡ್ ಕಾದಳು. ಆಮೇಲೆ ತಾನೇ ಹೋಗಿ ಚಿಲಕ ಎತ್ತಿ, ಸೊಂಟದಿಂದ ಗೇಟನ್ನು ನೂಕಿ, ಕೈಗಾಡಿಯನ್ನು ಒಳಗೆ ತಳ್ಳಿಕೊಂಡು ಹೋಗಿ, ಹಿಂದೆ ಬರುವವರು ತಾವೇ ತೆಗೆದುಕೊಳ್ಳಲೆಂದು ಅದನ್ನು ಮತ್ತೆ ಮುಚ್ಚಿದಳು.

ಮುಂದಿನವಳು ಡಿಲಿಸ್. ಹಾಲ್ಡನ್‌ರನ್ನು ನೋಡಿ ಅವಳ ಬಾಯಿ ಅಭ್ಯಾಸದಂತೆ ತೆರೆದುಕೊಂಡಿತು. ಪಾಪ, ಮುಖವೆಲ್ಲ ಕೆಂಪಾಯಿತು. ತುಟಿ ಬಿಗಿಯಾಗಿ ಕಚ್ಚಿಕೊಂಡು, ತನ್ನ ಕೈಯಿಂದಲೇ ಚಿಲಕ ತೆಗೆದು, ಎರಡು ಲ್ಯಾಬ್ರಡಾರ್‌ಗಳನ್ನೂ ಎಳೆದುಕೊಂಡು, ಅವರಿಗೆ ಒಂದು ಮಾತೂ ಹೇಳದೆ ಒಳಗೆ ನಡೆದಳು.