ಗಿರಿಜಕ್ಕನಿಗೆ ಕೊಟ್ಟ ಜೋಡಿ

ಗಿರಿಜಕ್ಕ, ನಾನು ನಿಮಗೆ ಕೊಟ್ಟ ಆ ಗೋಸುಂಬೆ ಜೋಡಿ ಅಣ್ಣ-ತಂಗಿ. ಒಂದೇ ತಾಯಿ ಇಟ್ಟ ಮೊಟ್ಟೆಗಳಿಂದ ಹೊರಬಂದ ಮರಿಗಳು. ಗೊತ್ತಿದ್ದೇ ಕೊಟ್ಟೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ — ಅದು ನನಗೇ ಸರಿಯಾಗಿ...

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಹೆದರಿ ಅಮೆರಿಕದ ಕಂಪನಿಗಳು ಸಿಕ್ಕಸಿಕ್ಕವರನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಗಂಡ ಬೆಳಗಿನ ಟ್ರೈನಿಗೆ ನ್ಯೂಯಾರ್ಕಿಗೆ ಹೋದರೆ ನ್ಯೂಜೆರ್ಸಿಯ ಎಡಿಸನ್ನಿನ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ. ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿಲ್ಲ. ಹೊತ್ತು ಹೋಗದೆ ತಂದು ಸಾಕಿದ ಗೋಸುಂಬೆಯ ಹುಚ್ಚು ತಲೆಗೇರಿತು. ಯಾವುದರ ಪಟ್ಟೆ ಅಚ್ಚನೀಲಿ, ಯಾವುದರ ಬೆನ್ನು ನೆಟ್ಟಗಿದೆ, ಯಾವ ಗಂಡಿಗೆ ಯಾವ ಹೆಣ್ಣು — ಮದುವೆ ಬ್ರೋಕರಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿದ್ದೆ. ನನ್ನ ಮರಿಗಳಂಥವು ಇಡೀ ಜೆರ್ಸಿಯಲ್ಲೇ ಇಲ್ಲವೆಂದು ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕುಗಳಲ್ಲಿ ಕೊಚ್ಚಿಕೊಂಡದ್ದೂ ಉಂಟು.

ಅದನ್ನು ನಂಬಿದವರು ನೀವು. ನಿಮ್ಮೂರು ಮನ್ರೋದಿಂದ ಡ್ರೈವ್ ಮಾಡಿಕೊಂಡು ಬಂದು, ಪಂಜರದ ಮುಂದೆ ನೆಲದ ಮೇಲೇ ಕುಳಿತುಬಿಟ್ಟಿರಿ. ಹುಟ್ಟಿದ ಎರಡು ಮಕ್ಕಳೂ ನಿಮಗೆ ಉಳಿಯಲಿಲ್ಲವೆಂದು ನನಗೆ ಗೊತ್ತಿತ್ತು. ನೀವು ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಗಂಡ-ಹೆಂಡತಿ ರಕ್ತಸಂಬಂಧಿಗಳೇ ಎಂದು ಇಲ್ಲಿನ ಡಾಕ್ಟರ್ ಕೇಳಿದಾಗ ಭೂಮಿಗಿಳಿದು ಹೋದಂತಾಯಿತೆಂದು ನೀವೇ ಹೇಳಿಕೊಂಡಿದ್ದಿರಿ. ಹಾಗಿರುವಾಗ ಮರಿ ಮಾಡಿಸುವ ಆಸೆ ಎಲ್ಲಿಂದ ಬಂತೆಂದು ನಾನು ಕೇಳಬೇಕಾಗಿರಲಿಲ್ಲ.

"ಒಂದೇ ತಾಯಿ ಮರಿಗಳಲ್ಲ ತಾನೆ ಸುಧಾ? ಅದೊಂದು ಮಾತ್ರ ನಿಜ ಹೇಳ್ಬಿಡು," ಎಂದಿರಿ.

"ಛೆ, ಬೇರೆ ಬೇರೆ ಲೈನ್ ಅಕ್ಕ. ಡೋಂಟ್ ವರಿ."

ಎಷ್ಟು ಸಲೀಸಾಗಿ ಬಂತು ಆ ಮಾತು! ದುಡ್ಡಿಗಲ್ಲ — ನಿಮ್ಮಿಂದ ತೆಗೆದುಕೊಂಡದ್ದು ಒಂದು ಡಬ್ಬಿ ಚಟ್ನಿಪುಡಿ. ಬೇರೆ ಹೆಣ್ಣು ಬೆಳೆಯುವವರೆಗೆ ಕಾಯಿರಿ ಎನ್ನಬಹುದಿತ್ತು. ನೀವು ಕಾಯದೆ ಹೋಬೋಕನ್ನಿನಲ್ಲಿ ಗೋಸುಂಬೆ ಮಾರುವವನ ಹತ್ತಿರ ಹೋಗಿಬಿಡುತ್ತೀರೆಂಬ ಹೊಟ್ಟೆಕಿಚ್ಚೇ? ನನ್ನ ಬಳಿ ಇಲ್ಲ ಎನ್ನಲು ಬಿಡದ ಜಂಬವೇ? ಎರಡೂ ಇರಬಹುದು. ಗೊತ್ತಿಲ್ಲ.

ಹೆಣ್ಣು ನಿಮ್ಮ ಮನೆಯಲ್ಲಿ ಮೊಟ್ಟೆಯಿಟ್ಟಿತು. ನೀವು ತಿಂಗಳುಗಟ್ಟಲೆ ಕಾದಿರಿ. ಅರ್ಧಕ್ಕರ್ಧ ಮೊಟ್ಟೆಗಳಿಗೆ ಬೂಷ್ಟು ಹಿಡಿಯಿತು. ಹೊರಬಂದ ಮರಿಗಳಲ್ಲಿ ಕೆಲವಕ್ಕೆ ಕಣ್ಣೇ ತೆರೆಯಲಿಲ್ಲ, ಕೆಲವಕ್ಕೆ ಕಾಲು ಸೊಟ್ಟ. ಒಂದೂ ಬದುಕಲಿಲ್ಲ. ಫೋನಿನಲ್ಲಿ ನೀವು ಅಳಲೂ ಇಲ್ಲ.

"ನನ್ನ ಕೈಗುಣಾನೇ ಸರಿ ಇಲ್ಲ ಕಣೇ. ನಾನು ಮುಟ್ಟಿದ್ದು ಯಾವುದೂ ಉಳಿಯಲ್ಲ," ಎಂದಿರಿ, ಅಷ್ಟೇ.

ಆಗ ಬಾಯಿ ಬಿಡಬೇಕಿತ್ತು. ಆದರೆ ಏನೆಂದು? ಕಾರಣ ನಿಮ್ಮ ಕೈಯಲ್ಲ, ಅವುಗಳ ರಕ್ತಸಂಬಂಧ ಎಂದರೆ — ನಿಮ್ಮ ಮಕ್ಕಳ ವಿಷಯಕ್ಕೂ ಅದೇ ಉತ್ತರ ಕೊಟ್ಟಂತಾಗುತ್ತಿರಲಿಲ್ಲವೇ? ಸಂಜೆ ಮನೆಗೆ ಬಂದ ನಿಮ್ಮ ಯಜಮಾನರ ಮುಖವನ್ನು ನೀವು ಹೇಗೆ ನೋಡುತ್ತಿದ್ದಿರಿ? ಅಥವಾ ಇದೂ ನಾನು ಆಮೇಲೆ ಕಟ್ಟಿಕೊಂಡ ನೆಪವೋ... ಮೊಟ್ಟೆಗಳಿಗೆ ಬಿಸಿ ಹೆಚ್ಚಾದರೂ ಹಾಗಾಗುತ್ತದೆ. ಮೊಟ್ಟೆಗಳನ್ನು ಬೆಚ್ಚಗಿಡಲು ನಿಮಗೆ ಪೆಟ್ಟಿಗೆಯೊಂದನ್ನು ಬಿಸಿ ಹೊಂದಿಸಿ ಕೊಟ್ಟವಳೂ ನಾನೇ. ಯಾವುದರಿಂದ ಏನಾಯಿತೆಂದು ಇವತ್ತಿಗೂ ಆಣೆಯಿಟ್ಟು ಹೇಳಲಾರೆ, ಬಿಡಿಸಿದಷ್ಟೂ ಸಿಕ್ಕಾಗುತ್ತದೆ. ನೀವು ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೇ ನಾನು ಸುಳ್ಳು ಹೇಳಿದೆ — ಇಷ್ಟು ಮಾತ್ರ ಸ್ಪಷ್ಟವಾಗಿ ಗೊತ್ತು.

ಮರುವರ್ಷ ನನ್ನ ಮಗಳ ನಾಮಕರಣಕ್ಕೆ ನೀವು ಬೆಳ್ಳಿ ಗೆಜ್ಜೆ ತಂದಿರಿ. ಬಂದ ಹೆಂಗಸರೆಲ್ಲ ಮಗುವನ್ನು ಒಬ್ಬರಾದ ಮೇಲೊಬ್ಬರು ಎತ್ತಿಕೊಳ್ಳುತ್ತಿದ್ದರು. ನಿಮ್ಮ ಸರದಿ ಬಂದಾಗ ನಾನೇ ಚಾಚಿದೆ. ನೀವು ಎರಡೂ ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡಿರಿ.

"ಬೇಡಮ್ಮ, ನನ್ನ ಕೈಗೆ ಕೊಡ್ಬೇಡ. ಇಲ್ಲಿಂದ್ಲೇ ನೋಡ್ತೀನಿ."

ಹೇಳಲು ನಾಚಿಕೆಯಾಗುತ್ತದೆ ಅಕ್ಕ — ಆ ಕ್ಷಣ ನನಗೆ ನಿರಾಳವಾಯಿತು. ನಿಮ್ಮ ಕೈಗಳಲ್ಲಿ ಯಾವ ದೋಷವೂ ಇಲ್ಲವೆಂದು ಆ ಮನೆ ತುಂಬ ಜನರಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಆದರೂ ಮಗುವನ್ನು ಎದೆಗವಚಿಕೊಂಡು, ನಿಮ್ಮ ಪಕ್ಕದಲ್ಲಿ ನಿಂತಿದ್ದವರ ಕೈಗೆ ಕೊಟ್ಟೆ.