ಒಂದೇ ದನಿಯ ಕೂಗು

ಎಂಬತ್ತರ ದಶಕದಲ್ಲಿ ನನಗೆ ಸರ್ಕಾರ ಸಂಬಳ ಕೊಡುತ್ತಿದ್ದದ್ದು ಮುಗಿಲಿಗೆ ಕೂಗು ಹಾಕುವುದಕ್ಕೆ. ಇದು ಅಪ್ಪನ ಮಾತು. ಅವನು ಕಳ್ಳಂಬೆಳ್ಳದ ಹತ್ತಿರ ಕುರಿ ಮೇಯಿಸಿಕೊಂಡಿದ್ದವನು. ಕೆರೆಯ ಈ ದಡದಿಂದ ಕೂಗಿದರೆ ಆ ದಡದ ಕುರಿ ತಲೆಯೆತ್ತುತ್ತಿತ್ತು. "ನಂಗ್ಯಾರೂ ಸಂಬಳ ಕೊಡ್ಲಿಲ್ವಲ್ಲ ಕಣಮ್ಮ" ಎಂದು ಮಗಳಾದ ನನ್ನನ್ನು ರೇಗಿಸುತ್ತಿದ್ದ.

ಕೆಲಸವೇನೋ ಅವನು ಹೇಳಿದಂಥದ್ದೇ. ಮಧುಗಿರಿ ಆಚೆಯ ಬಯಲಲ್ಲಿ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ಉಪಗ್ರಹದತ್ತ ಒಂದೇ ಸಮನೆ ಸಂಕೇತ ಕಳಿಸುತ್ತಿದ್ದೆವು. ಮೇಲೆ ಉಪಗ್ರಹ ಸ್ವಲ್ಪ ಸ್ವಲ್ಪವೇ ಹೊರಳುತ್ತಿತ್ತು. ಎತ್ತ ಹೊರಳಿದಾಗ ಅದರ ಆಂಟೆನಾಗೆ ನಮ್ಮ ಸಂಕೇತ ಎಷ್ಟು ಚೆನ್ನಾಗಿ ಕೇಳಿಸಿತು ಎಂಬುದು ಕಾಗದದ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಕೇಳಿಸುತ್ತಿಲ್ಲವೆಂದು ನಡುವೆ ಸಂಕೇತದ ಬಲ ಹೆಚ್ಚಿಸಿದರೆ ಅಳತೆಯೆಲ್ಲ ಹಾಳು. ಕೂಗು ಒಂದೇ ಇರಬೇಕು.

ಒಂದು ಜ್ವರದ ನಂತರ ಅಪ್ಪನ ಕಿವಿ ಹೋಯಿತು. ಮನೆಯಲ್ಲಿ ಎಲ್ಲರೂ ಗಂಟಲು ಹರಿಯುವಂತೆ ಅರಚುವವರೇ. ಬೈಯುತ್ತಿದ್ದಾರೆಂದುಕೊಂಡು ಅವನು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದ. ನನಗೆ ರೇಗಿಹೋಯಿತು. ಎಲ್ಲರ ಬಾಯಿ ಮುಚ್ಚಿಸಿ, ಅವನನ್ನು ಜಗಲಿಯ ಮೇಲೆ ಕೂರಿಸಿ, ಅಂಗಳದಾಚೆ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ಮಾಮೂಲಿ ದನಿಯಲ್ಲಿ "ಅಪ್ಪಾ" ಎಂದೆ. ಅಮ್ಮ ಅವನ ತಲೆಯನ್ನು ಚೂರು ತಿರುಗಿಸಿದಳು. ಮತ್ತೆ ಅದೇ ದನಿಯಲ್ಲಿ ಕೂಗಿದೆ. ಬಲಗಿವಿ ಓರೆಯಾಗಿ ನನ್ನತ್ತ ಬಂದಾಗ "ಹೂಂ" ಎಂದ. ಅಮ್ಮ ಅತ್ತುಬಿಟ್ಟಳು. ಅವತ್ತಿನಿಂದ ಆ ಕಿವಿ ಮನೆಬಾಗಿಲ ಕಡೆ ಬರುವಂತೆ ಅವನ ಮಂಚ ಹಾಕಿದೆವು. ಬಂದವರು ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದರು.

ಮರುವರ್ಷದ ಬೇಸಿಗೆಯಲ್ಲಿ ಬಯಲಲ್ಲಿ ಅಳತೆ ನಡೆದಿದ್ದಾಗ ಅಣ್ಣ ಬಸ್ಸಿಳಿದು ಹುಡುಕಿಕೊಂಡು ಬಂದ. ಅಪ್ಪ ಬೆಳಗಿನಿಂದ ಕಣ್ಣು ಬಿಟ್ಟಿಲ್ಲವೆಂದ. ಜೊತೆಯವರು ಟ್ರಾನ್ಸ್‌ಮಿಟರ್ ತಾವು ನೋಡಿಕೊಳ್ಳುತ್ತೇವೆಂದು ನಮ್ಮಿಬ್ಬರನ್ನೂ ಜೀಪು ಹತ್ತಿಸಿದರು. ದಾರಿಯುದ್ದಕ್ಕೂ ನನಗಿದ್ದದ್ದು ಒಂದೇ ಆಸೆ. ಒಂದು ಸಲ ಅವನು ಹೂಂ ಅನ್ನಲಿ, ಸಾಕು.

ಬಾಗಿಲಲ್ಲಿ ನಿಂತು "ಅಪ್ಪಾ" ಎಂದೆ. ಉಸಿರು ಆಡುತ್ತಿತ್ತು, ಅಷ್ಟೇ. ಜೋರಾಗಿ ಕೂಗು ಎಂದು ಅಣ್ಣ ಗೋಗರೆದ. ನಾನು ಅದೇ ದನಿಯಲ್ಲಿ ಮತ್ತೆ ಕೂಗಿದೆ. ಅಮ್ಮ ಅಂದಿನಂತೆಯೇ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಚೂರು ಈಚೆ ತಿರುಗಿಸಿದಳು. ಕೂಗಿದೆ. ಆಚೆ ತಿರುಗಿಸಿದಳು. ಕೂಗಿದೆ. ದನಿ ಮಾತ್ರ ಏರಿಸಲಿಲ್ಲ. ಕೊನೆಗೆ ಅಮ್ಮ ಕೈಬಿಟ್ಟಳು.

"ಎತ್ತಗೆ ತಿರುಗಿಸಿದ್ರೂ ಇಲ್ಲ ಕಣಮ್ಮ. ಬುಡು."

ಆಗ ಮಂಚದ ಹತ್ತಿರ ಓಡಿ, ಅವನ ಬಲಗಿವಿಗೆ ಬಾಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.